ಮಾವನ ಹೊಟ್ಟೆ ನೀರಲ್ಲಿ ಸಿಕ್ಕಿದ್ದು ಗದ್ದೆ ಮಣ್ಣಿನ ಬ್ಯಾಕ್ಟೀರಿಯಾ ಅಂತೆ! ಲಿವರ್ ಪೇಷೆಂಟ್ ಇರೋ ಮನೆಯವರು ಯಾರಾದ್ರೂ ಇದ್ದೀರಾ?

ಕಿಗ್ಗಟ್ಟುನಾಡು_ಗದ್ದೆ

ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಮಾವ, ಅಂದ್ರೆ ಹೆಂಡತಿಯ ಅಪ್ಪ, ವಯಸ್ಸು 61. ಕೊಡಗಿನ ಪೊನ್ನಂಪೇಟೆ ಹತ್ತಿರ ಐದೆಕರೆ ಕಾಫಿ, ಮನೆ ಮುಂದೆ ಗದ್ದೆ. ಶುಗರ್ ಬಂದು ಹದಿನೈದು ವರ್ಷ, ಸಿರೋಸಿಸ್ (ಲಿವರ್ ಗಟ್ಟಿಯಾಗೋ ಕಾಯಿಲೆ) ಅಂತ ಗೊತ್ತಾಗಿ ಎರಡು ವರ್ಷ. ಹೊಟ್ಟೆಯಲ್ಲಿ ನೀರು ತುಂಬುತ್ತೆ, ನೀರು ಇಳಿಸೋ ಲ್ಯಾಸಿಲ್ಯಾಕ್ಟೋನ್ ಮಾತ್ರೆ ನುಂಗಿಕೊಂಡು ಹೇಗೋ ದಿನ ದೂಡ್ತಿದ್ರು. ಜುಲೈಯಲ್ಲಿ ಮಳೆ ಬಿಡದೆ ಹೊಡೆದ ವಾರ ಜ್ವರ ಶುರುವಾಯ್ತು. ಮೂರನೇ ದಿನಕ್ಕೆ ಹೊಟ್ಟೆ ಮುಟ್ಟೋಕೆ ಬಿಡ್ಲಿಲ್ಲ. ಆ ರಾತ್ರಿ ನನ್ನ ಹೆಂಡತಿಯನ್ನೇ ನೋಡಿ “ನೀನ್ಯಾರು?” ಅಂದ್ರು.

ಮೊದಲು ಹೋದ ಆಸ್ಪತ್ರೆಯಲ್ಲಿ (ಹೆಸರು ಬೇಡ) ಹೊಟ್ಟೆ ನೀರಿಗೇ ಇನ್ಫೆಕ್ಷನ್ ಆಗಿದೆ ಅಂತ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಹಾಕಿದ್ರು. ಐದು ಬಾಟಲಿ ಆಲ್ಬುಮಿನ್ (ರಕ್ತದಲ್ಲಿರೋ ಪ್ರೋಟೀನ್) ತರಿಸಿದ್ರು. ನಾಲ್ಕು ದಿನವಾದ್ರೂ ಜ್ವರ ಇಳೀಲಿಲ್ಲ. ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ರಿಪೋರ್ಟಿನಲ್ಲಿ ‘ಸ್ಯೂಡೋಮೊನಾಸ್ ಜಾತಿ’ ಅಂತ ಬಂತು. “ಎಲ್ಲಿಂದಲೋ ಸ್ಯಾಂಪಲ್ಲಿಗೆ ಸೇರ್ಕೊಂಡಿರಬೇಕು, ತಲೆ ಕೆಡಿಸ್ಕೋಬೇಡಿ” ಅಂದ್ರು. ಐದನೇ ದಿನ ನಾವೇ ಹಟ ಹಿಡಿದು ದೊಡ್ಡ ಆಸ್ಪತ್ರೆಗೆ ಸಾಗಿಸಿದ್ವಿ. ಅಲ್ಲಿ ಮತ್ತೆ ನೀರು ತೆಗೆದು ನೋಡಿ ಹೇಳಿದ ಹೆಸರು ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ, ಕಾಯಿಲೆ ಮೆಲಿಯಾಯ್ಡೋಸಿಸ್. ಈಗ ಮೆರೋಪೆನೆಮ್ ನಡೀತಿದೆ. ಜ್ವರ ಬಿಟ್ಟಿದೆ, ನಿನ್ನೆ ಗಂಜಿ ಕುಡಿದ್ರು.

ಹೊಟ್ಟೆಗೆ ಗಾಯ ಇಲ್ಲ, ಆಪರೇಷನ್ ಆಗಿಲ್ಲ. ಗದ್ದೆ ಮಣ್ಣಿನ ಬ್ಯಾಕ್ಟೀರಿಯಾ ಹೊಟ್ಟೆ ಒಳಗೆ ಹೋಗಿದ್ದಾದ್ರೂ ಹೇಗೆ? ಮನೇಲಿ ಚಿಕ್ಕ ಮಗು ಇದೆ, ಅಂಟುತ್ತಾ? ಮೊದಲ ಆಸ್ಪತ್ರೆಯವರು ದುಡ್ಡಿಗೋಸ್ಕರ ಆಲ್ಬುಮಿನ್ ಹಾಕಿದ್ರಾ ಅಂತಾನೂ ಮನೇಲಿ ಜಗಳ ನಡೀತಿದೆ.

ಕಾಫಿಕಣ

ಬೇಜಾರಾಗ್ಬೇಡಿ, ನೇರವಾಗಿ ಹೇಳ್ತೀನಿ. ನಮ್ಮೂರಲ್ಲಿ ಸಿರೋಸಿಸ್ ಅಂದ್ರೆ ಏನು ಅಂತ ಎಲ್ರಿಗೂ ಗೊತ್ತು. ಮದುವೆ, ನಾಮಕರಣ, ಸಾವು, ಎಲ್ಲದಕ್ಕೂ ಬಾಟಲಿ. ಆಮೇಲೆ ಬ್ಯಾಕ್ಟೀರಿಯಾ ಮೇಲೆ ತಪ್ಪು ಹಾಕೋದು.

ಕಿಗ್ಗಟ್ಟುನಾಡು_ಗದ್ದೆ

ನಮ್ಮ ಮಾವ ಕುಡಿದಿದ್ದನ್ನ ನಾನು ನೋಡೇ ಇಲ್ಲ. ಶುಗರ್‌ನಿಂದ ಫ್ಯಾಟಿ ಲಿವರ್ ಆಗಿ ಹೀಗಾಗಿದೆ ಅಂತ ಡಾಕ್ಟ್ರು ಬರೆದುಕೊಟ್ಟಿದ್ದಾರೆ. ಆಸ್ಪತ್ರೆಗೆ ನೋಡೋಕೆ ಬಂದ ಪ್ರತಿಯೊಬ್ಬರೂ ಇದನ್ನೇ ಕೇಳಿದ್ರು. ಅತ್ತೆ ಈಗ ಫೋನ್ ಎತ್ತೋದನ್ನೇ ಬಿಟ್ಟಿದ್ದಾರೆ.

ವಾರ್ಡ್_ರೌಂಡ್ಸ್

ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುವವನು. ನಿಮ್ಮ ಮಾವನವರನ್ನು ನಾನು ನೋಡಿಲ್ಲ, ಆದ್ದರಿಂದ ಅವರ ಚಿಕಿತ್ಸೆ ಬಗ್ಗೆ ತೀರ್ಪು ಕೊಡುವುದಿಲ್ಲ. ಸಾಮಾನ್ಯವಾಗಿ ಏನಾಗುತ್ತದೆ ಅನ್ನುವುದನ್ನು ಹೇಳಬಲ್ಲೆ.

ಲಿವರ್ ಗಟ್ಟಿಯಾದಾಗ ಕರುಳಿನಿಂದ ಬರುವ ರಕ್ತಕ್ಕೆ ದಾರಿ ಕಟ್ಟುತ್ತದೆ. ಒತ್ತಡ ಏರಿ ನೀರು ಹೊಟ್ಟೆಯೊಳಗೆ ಜಿನುಗುತ್ತದೆ. ಕರುಳಿನ ಗೋಡೆಯೂ ಊದಿಕೊಂಡು ಸಡಿಲವಾಗುವುದರಿಂದ ಒಳಗಿರುವ ಬ್ಯಾಕ್ಟೀರಿಯಾ ದಾಟಿಕೊಂಡು ಹೊರಗೆ ಬರುತ್ತದೆ. ಸರಿ ಇರುವ ಲಿವರ್ ಆಗಿದ್ದರೆ ರಕ್ತದಲ್ಲಿ ಬಂದದ್ದನ್ನು ಹಿಡಿದು ನುಂಗುತ್ತಿತ್ತು. ಇಲ್ಲಿ ರಕ್ತ ಲಿವರನ್ನು ಬಳಸಿ ಬೇರೆ ದಾರಿಯಲ್ಲಿ ಹರಿಯುತ್ತಿರುತ್ತದೆ, ಹಾಗಾಗಿ ಬಂದದ್ದು ಮೈಯೆಲ್ಲ ಸುತ್ತುತ್ತದೆ. ಹೊಟ್ಟೆ ನೀರಿನಲ್ಲಿ ಪ್ರೋಟೀನ್ ಕಡಿಮೆ (ಡೆಸಿಲೀಟರ್‌ಗೆ 1.5 ಗ್ರಾಂಗಿಂತ ಕೆಳಗೆ) ಇದ್ದವರಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿಯೂ ಇರುವುದಿಲ್ಲ. ಗಾಯ, ತೂತು ಏನೂ ಇಲ್ಲದೆ ಆ ನೀರು ಕೆಡುವುದು ಹೀಗೆ. 1964ರಲ್ಲಿ ಹೆರಾಲ್ಡ್ ಕಾನ್ ಎಂಬ ಅಮೆರಿಕದ ವೈದ್ಯರು ಇದಕ್ಕೆ ‘ತಾನಾಗಿ ಬರುವ’ ಪೆರಿಟೊನೈಟಿಸ್ (ಹೊಟ್ಟೆಯ ಒಳಪೊರೆಯ ಉರಿಯೂತ) ಎಂಬ ಅರ್ಥದ ಹೆಸರಿಟ್ಟರು.

ನೀರಿನಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಒಂದು ಘನ ಮಿಲಿಮೀಟರ್‌ಗೆ 250 ಮುಟ್ಟಿದರೆ ಕಲ್ಚರ್‌ಗೆ ಕಾಯದೆ ಆಂಟಿಬಯಾಟಿಕ್ ಶುರು ಮಾಡಬೇಕು. ಹೆಚ್ಚಾಗಿ ಸಿಗುವುದು ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಟ್ರೆಪ್ಟೋಕಾಕಸ್. ಮನೆಯಲ್ಲಿದ್ದು ಬಂದ ಪೇಷೆಂಟಿಗೆ ಸೆಫ್ಟ್ರಿಯಾಕ್ಸೋನ್‌ನಿಂದ ಶುರು ಮಾಡುವುದು ತಪ್ಪಲ್ಲ, ಮೊದಲ ದಿನ ನಾನೂ ಅದನ್ನೇ ಕೊಡುತ್ತಿದ್ದೆನೇನೋ. ಆದರೆ ಎರಡು ದಿನ ಕಳೆದ ಮೇಲೆ ಮತ್ತೆ ಸೂಜಿ ಹಾಕಿ ಎಣಿಸಬೇಕಿತ್ತು. ನ್ಯೂಟ್ರೋಫಿಲ್ ಕಾಲು ಭಾಗವಾದರೂ ಇಳಿಯದಿದ್ದರೆ ಔಷಧಿ ನಾಟುತ್ತಿಲ್ಲ, ಅಥವಾ ಕರುಳು ಎಲ್ಲೋ ತೂತಾಗಿದೆ ಎಂದೇ ಲೆಕ್ಕ. ನಾಲ್ಕು ದಿನ ಸುಮ್ಮನೆ ಜ್ವರ ನೋಡಿಕೊಂಡು ಕೂತದ್ದು ನನಗೂ ಸರಿ ಕಾಣುತ್ತಿಲ್ಲ.

ಆಲ್ಬುಮಿನ್ ವಿಷಯದಲ್ಲಿ ಮಾತ್ರ ಅವರನ್ನು ಬೈಯಬೇಡಿ. 1999ರಲ್ಲಿ ಸ್ಪೇನಿನ ವೈದ್ಯರು 126 ಜನರ ಮೇಲೆ ನೋಡಿದ್ದಾರೆ. ಬರೀ ಆಂಟಿಬಯಾಟಿಕ್ ಕೊಟ್ಟವರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡವರು ನೂರಕ್ಕೆ 29. ಆಲ್ಬುಮಿನ್ ಜೊತೆಗೆ ಕೊಟ್ಟಾಗ ನೂರಕ್ಕೆ 10. ಕಿಡ್ನಿ ಕೈಕೊಡುವುದೂ 33ರಿಂದ 10ಕ್ಕೆ ಇಳಿಯಿತು. ಲೆಕ್ಕ ಮೊದಲ ದಿನ ಕೆಜಿ ತೂಕಕ್ಕೆ ಒಂದೂವರೆ ಗ್ರಾಂ, ಮೂರನೇ ದಿನ ಒಂದು ಗ್ರಾಂ. ಅರವತ್ತು ಕೆಜಿಯವರಿಗೆ ಮೊದಲ ದಿನವೇ 90 ಗ್ರಾಂ. 20 ಗ್ರಾಂ ಬಾಟಲಿಯಲ್ಲಿ ನಾಲ್ಕೂವರೆ. ಐದು ತರಿಸಿದ್ದು ಸರಿಯಾಗಿಯೇ ಇದೆ.

ಮಗುವಿನ ಬಗ್ಗೆ ಹೆದರಬೇಡಿ. ಮನುಷ್ಯರಿಂದ ಮನುಷ್ಯರಿಗೆ ಮೆಲಿಯಾಯ್ಡೋಸಿಸ್ ಹರಡುವುದು ಅತಿ ಅಪರೂಪ.

ಕಿಗ್ಗಟ್ಟುನಾಡು_ಗದ್ದೆ

ಡಾಕ್ಟ್ರೇ, ನಿಮ್ಮ ಆಲ್ಬುಮಿನ್ ಲೆಕ್ಕ ಅತ್ತೆಗೆ ಓದಿ ಹೇಳಿದೆ. ಮನೆ ಅರ್ಧ ತಣ್ಣಗಾಯ್ತು.

ಲ್ಯಾಬ್_ಮೂಲೆ

ಹದಿನೆಂಟು ವರ್ಷದಿಂದ ಮೈಕ್ರೋಬಯಾಲಜಿ ಲ್ಯಾಬಲ್ಲಿದ್ದೀನಿ. ‘ಸ್ಯೂಡೋಮೊನಾಸ್ ಜಾತಿ’ ಅಂತ ಅಷ್ಟೇ ಬರೆದು ಕೈತೊಳೆದುಕೊಂಡ ರಿಪೋರ್ಟ್ ನೋಡಿದ್ರೆ ನಂಗೆ ಮೈ ಉರಿಯುತ್ತೆ. ಅಲ್ಲಿ ಕೂತೋರು ಸೋಮಾರಿಗಳು ಅಂತಲ್ಲ, ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ ವೇಷ ಹಾಕೋದ್ರಲ್ಲಿ ಪಳಗಿದ್ದು. ಮಷೀನಿಗೆ ಹಾಕಿದ್ರೂ ಕೆಲವು ಸಲ ‘ಬರ್ಖೋಲ್ಡೇರಿಯಾ ಸೆಪೇಸಿಯಾ’ ಅಂತ ಸುಳ್ಳು ಹೇಳುತ್ತೆ.

ಆದ್ರೆ ಯಾವ ಔಷಧಿ ನಾಟುತ್ತೆ ಅಂತ ತೋರಿಸೋ ಸೆನ್ಸಿಟಿವಿಟಿ ಹಾಳೆಯಲ್ಲಿ ಗುರುತು ಇರುತ್ತೆ. ಜೆಂಟಾಮೈಸಿನ್ ನಾಟಲ್ಲ, ಕೊಲಿಸ್ಟಿನ್ ನಾಟಲ್ಲ, ಆದ್ರೆ ಪಾಪದ ಆಗ್ಮೆಂಟಿನ್ ನಾಟುತ್ತೆ. ಮಾಮೂಲಿ ಸ್ಯೂಡೋಮೊನಾಸ್‌ನಲ್ಲಿ ಇದು ತಿರುವುಮುರುವು ಇರುತ್ತೆ. ಈ ಮೂರು ಸಾಲು ಒಟ್ಟಿಗೆ ಕಂಡ್ರೆ, ಅದೂ ಶುಗರ್ ಇರೋ ಪೇಷೆಂಟು, ಅದೂ ಮಳೆಗಾಲ ಆಗಿದ್ರೆ, ಪ್ಲೇಟ್ ಎಸೀಬಾರ್ದು. ಮೂರ್ನಾಲ್ಕು ದಿನ ಇಟ್ರೆ ಒಣಗಿ ಸುಕ್ಕುಗಟ್ಟಿದ ಕಾಲನಿ ಬರುತ್ತೆ. ಮೈಕ್ರೋಸ್ಕೋಪಿನಲ್ಲಿ ಎರಡು ತುದಿಗೂ ಬಣ್ಣ, ನಡುವೆ ಖಾಲಿ, ಥೇಟ್ ಸೀರೆ ಪಿನ್ನು. ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲ ಸಿಗುತ್ತೆ, ಮಣಿಪಾಲದೋರು ಇದರ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಸಂಪಾಜೆ ಘಾಟಿ ಹತ್ತಿದ ಕೂಡ್ಲೇ ಅದು ನಿಂತ್ಹೋಗುತ್ತೆ ಅಂತ ಯಾರು ಹೇಳಿದ್ರು?

ಇನ್ನೊಂದು ಮಾತು. ಹೊಟ್ಟೆ ನೀರನ್ನ ಖಾಲಿ ಡಬ್ಬೀಲಿ ಹಾಕಿ ಲ್ಯಾಬಿಗೆ ಕಳ್ಸಿದ್ರೆ ಅರ್ಧಕ್ಕರ್ಧ ಕಲ್ಚರಲ್ಲಿ ಏನೂ ಬೆಳೆಯಲ್ಲ. ಆ ನೀರಲ್ಲಿ ಬ್ಯಾಕ್ಟೀರಿಯಾ ಅಷ್ಟು ವಿರಳ. ಪೇಷೆಂಟ್ ಪಕ್ಕದಲ್ಲೇ ನಿಂತು ಬ್ಲಡ್ ಕಲ್ಚರ್ ಬಾಟಲಿಗೆ ಹತ್ತು ಎಂಎಲ್ ಚುಚ್ಚಬೇಕು, ಆಂಟಿಬಯಾಟಿಕ್ ಕೊಡೋದಕ್ಕೆ ಮೊದ್ಲು. ಫ್ರಿಜ್ಜಲ್ಲಿ ಇಡಬಾರ್ದು. ಮನೆಯವ್ರು ಕೇಳಿದ್ರೆ ಕೆಲವು ಡಾಕ್ಟ್ರಿಗೆ ಸಿಟ್ಟು ಬರುತ್ತೆ, ಬರ್ಲಿ.

ವಾರ್ಡ್_ರೌಂಡ್ಸ್

ನನಗೆ ಸಿಟ್ಟು ಬರಲ್ಲ, ಕೇಳಿ.

ಸುಂಟಿಕೊಪ್ಪ_ಅಕ್ಕ

ನಮ್ಮ ಅಮ್ಮನದೂ ಹೀಗೇ. ಅವರಿಗೆ ಆಟೋಇಮ್ಯೂನ್ ಲಿವರ್ ಕಾಯಿಲೆ, ಸ್ಟಿರಾಯ್ಡ್ ಮಾತ್ರೆ ಮೇಲೆ ಇದ್ರು. ಹೊಟ್ಟೆ ನೀರಿನ ಕಲ್ಚರಲ್ಲಿ ಏನೋ ಕಡ್ಡಿ ತರದ್ದು ಬೆಳೆದಿದೆ, ‘ಡಿಫ್ತೀರಾಯ್ಡ್, ಚರ್ಮದಿಂದ ಸೇರಿದ್ದು’ ಅಂತ ಬರೆದು ಬಿಟ್ಟಿದ್ರು. ಅಮ್ಮನ ಜ್ವರ ಮಾತ್ರ ಇಳೀಲಿಲ್ಲ. ಎರಡನೇ ಬಾಟಲಿಯಲ್ಲೂ ರಕ್ತದಲ್ಲೂ ಅದೇ ಬಂದಾಗ ಲಿಸ್ಟೀರಿಯಾ ಅಂದ್ರು. ಆಂಪಿಸಿಲಿನ್‌ಗೆ ಬದಲಾಯಿಸಿದ ಮೇಲೆ ಎದ್ದು ಕೂತ್ರು.

ಅದು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತಂತೆ. ಕರೆಂಟ್ ಹೋಗಿ ಬಂದು ಹೋಗಿ ಬಂದು, ನಾಲ್ಕು ದಿನದ ಸಾರನ್ನ ಫ್ರಿಜ್ಜಲ್ಲಿಟ್ಟು ಸ್ವಲ್ಪ ಬೆಚ್ಚಗೆ ಮಾಡಿ ಕೊಡ್ತಿದ್ದೆ. ಅದರಿಂದಲೇ ಬಂತು ಅಂತ ಯಾರೂ ಹೇಳಿಲ್ಲ. ನನ್ನ ಮನಸ್ಸು ಹೇಳುತ್ತೆ.

ಲ್ಯಾಬ್_ಮೂಲೆ

ಅಕ್ಕ, ಸಾರನ್ನ ಕುದಿ ಬರೋ ಹಾಗೆ ಕಾಯಿಸಿದ್ರೆ ಸಾಕು. ಸೆಫ್ಟ್ರಿಯಾಕ್ಸೋನ್, ಸೆಫೊಟಾಕ್ಸಿಮ್, ಆ ಕುಟುಂಬದ ಯಾವುದೂ ಲಿಸ್ಟೀರಿಯಾಗೆ ನಾಟಲ್ಲ, ಹುಟ್ಟಿನಿಂದಲೇ ಹಾಗೆ. ಹಾಗಾಗಿ ಲಿವರ್ ಪೇಷೆಂಟಿನ ನೀರಲ್ಲಿ ಗ್ರಾಮ್ ಪಾಸಿಟಿವ್ (ಬಣ್ಣ ಹಾಕಿದಾಗ ನೇರಳೆ ಕಾಣೋ) ಕಡ್ಡಿ ಕಂಡ್ರೆ ‘ಸೇರಿದ್ದು’ ಅಂತ ಷರಾ ಬರೆಯೋದಕ್ಕೆ ಮೊದ್ಲು ಒಂದು ಫೋನ್ ಮಾಡ್ಬೇಕು. ಆ ಒಂದು ಫೋನ್ ಯಾರೂ ಮಾಡಲ್ಲ.

ಹಟ್ಟಿಗೊಬ್ಬರ

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ರಿಟೈರ್ ಆದವ. ಡಾಕ್ಟ್ರಿಗೆ ಒಂದು ಪ್ರಶ್ನೆ. ಬ್ರೂಸೆಲ್ಲಾ (ದನ ಕಂದು ಹಾಕೋ ಹಾಗೆ ಮಾಡೋ ಬ್ಯಾಕ್ಟೀರಿಯಾ) ಹೊಟ್ಟೆ ನೀರಿಗೆ ಬರುತ್ತಾ ಸರ್? ನಮ್ಮಲ್ಲಿ ದನ ತಿಂಗಳು ತುಂಬದೆ ಕಂದು ಹಾಕಿದ್ರೆ ಬರಿಗೈಯಲ್ಲೇ ಕಸ ಎಳೀತಾರೆ. ನಾನೂ ಎಳೆದಿದ್ದೀನಿ, ಸುಳ್ಳು ಯಾಕೆ. ಆಗೆಲ್ಲ ಗ್ಲೌಸ್ ಕೊಡ್ತಿರಲಿಲ್ಲ. ಈಗ 2019ರಿಂದ ಕೇಂದ್ರದ ಯೋಜನೆಯಲ್ಲಿ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ ಲಸಿಕೆ ಹಾಕ್ತಾರೆ.

ವಾರ್ಡ್_ರೌಂಡ್ಸ್

ಬರುತ್ತದೆ, ಅಪರೂಪಕ್ಕೆ. ಒಳ್ಳೆ ಪ್ರಶ್ನೆ. ಬ್ರೂಸೆಲ್ಲಾ ನಿಧಾನವಾಗಿ ಬೆಳೆಯುತ್ತದೆ. ಲ್ಯಾಬಿನವರಿಗೆ ‘ಹಸು ಸಾಕುತ್ತಾರೆ, ಹಸಿ ಹಾಲು ಕುಡಿಯುತ್ತಾರೆ’ ಎಂದು ಮೊದಲೇ ಹೇಳಿದರೆ ಬಾಟಲಿಯನ್ನು ಬೇಗ ಎಸೆಯುವುದಿಲ್ಲ, ಜೊತೆಗೆ ಅವರೂ ಹುಷಾರಾಗಿರುತ್ತಾರೆ. ಲ್ಯಾಬಿನಲ್ಲಿ ಕೆಲಸ ಮಾಡುವವರಿಗೇ ಅಂಟುವ ಬ್ಯಾಕ್ಟೀರಿಯಾ ಅದು. ಚಿಕಿತ್ಸೆಯೂ ಬೇರೆ: ಡಾಕ್ಸಿಸೈಕ್ಲಿನ್ ಜೊತೆ ಇನ್ನೊಂದು ಔಷಧಿ, ಕನಿಷ್ಠ ಆರು ವಾರ.

ಬೆಕ್ಕು ನಾಯಿ ಇರುವವರು ಕೂಡ ಹೇಳಬೇಕು. ಅವುಗಳ ಬಾಯಲ್ಲಿ ಪಾಶ್ಚುರೆಲ್ಲಾ ಮಲ್ಟೋಸಿಡಾ ಇರುತ್ತದೆ. ಸಿರೋಸಿಸ್ ಇರುವವರ ಕಾಲಿನ ಗೀರನ್ನು ಬೆಕ್ಕು ನೆಕ್ಕಿದ್ದಕ್ಕೆ ಹೊಟ್ಟೆ ನೀರು ಕೆಟ್ಟ ಉದಾಹರಣೆಗಳು ವೈದ್ಯಕೀಯ ಬರಹಗಳಲ್ಲಿ ಇವೆ. ಪೆನಿಸಿಲಿನ್‌ಗೇ ಸಾಯುವಂಥದ್ದು ಅದು, ಗುರುತಿಸಬೇಕಷ್ಟೇ. ತೋಡು, ಕೆರೆ ನೀರಿನಿಂದ ಏರೋಮೊನಾಸ್. ಸಮುದ್ರದ ಕಡೆಯಿಂದ ವಿಬ್ರಿಯೋ ವಲ್ನಿಫಿಕಸ್. ಲಿವರ್ ಪೇಷೆಂಟಿನ ರಕ್ತಕ್ಕೆ ಇದು ಇಳಿದರೆ ಅರ್ಧಕ್ಕಿಂತ ಹೆಚ್ಚು ಜನ ಉಳಿಯುವುದಿಲ್ಲ. ಹಸಿ ಚಿಪ್ಪುಮೀನು ನಮ್ಮವರು ತಿನ್ನಲ್ಲ, ಸದ್ಯ. ಆದರೆ ಮೀನು ಶುಚಿ ಮಾಡುವಾಗ ಮುಳ್ಳು ಚುಚ್ಚುತ್ತದಲ್ಲ, ಆ ಕೆಲಸವನ್ನು ಲಿವರ್ ಕಾಯಿಲೆಯವರು ಬೇರೆಯವರಿಗೆ ಬಿಡಬೇಕು.

ಮಳೆಮಾಪಕ

ಉಂಬಳ ಕಚ್ಚಿದ್ರೆ? ನಮ್ಮ ತೋಟದಲ್ಲಿ ದಿನಕ್ಕೆ ಹತ್ತಾದ್ರೂ ಹತ್ತುತ್ತೆ. (ಇವತ್ತು ಬೆಳಿಗ್ಗೆವರೆಗೆ ನಾಲ್ಕೂವರೆ ಇಂಚು. ಯಾರೂ ಕೇಳ್ಲಿಲ್ಲ, ಆದ್ರೂ.)

ವಾರ್ಡ್_ರೌಂಡ್ಸ್

ಚಿಕಿತ್ಸೆಗೆ ಬಳಸುವ ನೀರಿನ ಜಿಗಣೆಯ ಕರುಳಿನಲ್ಲಿ ಏರೋಮೊನಾಸ್ ವಾಸವಾಗಿರುತ್ತದೆ, ಅದರಿಂದ ಪೇಷೆಂಟ್‌ಗಳಿಗೆ ಇನ್ಫೆಕ್ಷನ್ ಆದದ್ದೂ ಇದೆ. ತೋಟದ ಉಂಬಳದ ಮಟ್ಟಿಗೆ ನನ್ನ ಚಿಂತೆ ಬೇರೆ. ಸಿರೋಸಿಸ್‌ನಲ್ಲಿ ಪ್ಲೇಟ್‌ಲೆಟ್ ಕಡಿಮೆ ಇರುತ್ತದೆ, ಕಚ್ಚಿದ ಜಾಗ ಗಂಟೆಗಟ್ಟಲೆ ರಕ್ತ ಸೋರುತ್ತದೆ, ಕೆರೆದು ಹುಣ್ಣಾಗುತ್ತದೆ, ಆ ಹುಣ್ಣಿನ ಕಾಲನ್ನು ಕೆಸರಿಗೆ ಇಳಿಸುತ್ತಾರೆ. ಮಣ್ಣಿನ ಬ್ಯಾಕ್ಟೀರಿಯಾಗೆ ಬೇಕಾದ ಬಾಗಿಲು ಅದು.

ಕಿಗ್ಗಟ್ಟುನಾಡು_ಗದ್ದೆ

ಇದನ್ನ ಓದಿ ಮೈ ಜುಮ್ ಅಂತು. ಜ್ವರ ಬರೋ ಹತ್ತು ದಿನ ಮುಂಚೆ ಗದ್ದೆ ಬದು ಒಡೆದಿತ್ತು. ಆಳು ಸಿಗ್ಲಿಲ್ಲ ಅಂತ ಮಾವನೇ ಬರಿಗಾಲಲ್ಲಿ ಇಳಿದು ಅರ್ಧ ದಿನ ಕಟ್ಟಿದ್ರು. ಕಾಲಲ್ಲಿ ಉಂಬಳ ಕಚ್ಚಿ ಕೆರೆದ ಹುಣ್ಣು ಇದ್ದೇ ಇತ್ತು. ಮೊದಲನೇ ಆಸ್ಪತ್ರೆಯಲ್ಲಿ ಇದನ್ನ ಯಾರೂ ಕೇಳ್ಲಿಲ್ಲ. ನಾವೂ ಹೇಳ್ಲಿಲ್ಲ. ಹೊಟ್ಟೆನೋವಿಗೆ ಹೋದವರು ಗದ್ದೆ ಕಥೆ ಯಾಕೆ ಹೇಳ್ತಾರೆ? ಎರಡನೇ ಕಡೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದು ಮೊದಲು ಕೇಳಿದ್ದೇ “ಏನು ಕೆಲಸ ಮಾಡ್ತಾರೆ? ಮಳೆಯಲ್ಲಿ ಎಲ್ಲಿ ಇಳಿದಿದ್ರು?” ಅಂತ.

ವಾರ್ಡ್_ರೌಂಡ್ಸ್

ಆಕೆಗೆ ನನ್ನ ಕಡೆಯಿಂದಲೂ ಒಂದು ನಮಸ್ಕಾರ ಹೇಳಿ. ಕೆಸರಿಗೆ ಇಳಿದ ದಿನದಿಂದ ಜ್ವರದವರೆಗೆ ಒಂದರಿಂದ 21 ದಿನ ಹಿಡಿಯುತ್ತದೆ, ನಿಮ್ಮ ಹತ್ತು ದಿನ ಅದರೊಳಗೇ ಬಂತು. ಮಡಿಕೇರಿಯಿಂದ ದೊಡ್ಡ ಆಸ್ಪತ್ರೆಗಳಿರುವ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಪೇಷೆಂಟ್ ಅಲ್ಲಿಗೆ ತಲುಪುವಾಗ ಪ್ಯಾಂಟು ಶರ್ಟು ಹಾಕಿ, ಕಾಲು ತೊಳೆದುಕೊಂಡು ಬಂದಿರುತ್ತಾರೆ. ಕೇಸ್ ಶೀಟಿನಲ್ಲಿ ‘ಪ್ಲಾಂಟರ್’ ಎಂದು ಬರೆದಿರುತ್ತದೆ. ಅದನ್ನು ಓದಿದ ಡಾಕ್ಟರಿಗೆ ಜಗಲಿಯಲ್ಲಿ ಕೂತು ಕಾಫಿ ಕುಡಿಯುವವರು ಕಾಣುತ್ತಾರೆಯೇ ಹೊರತು ಬದು ಕಟ್ಟುವವರಲ್ಲ.

ನಾಪೋಕ್ಲು_ಬೈಂಬಳೆ

ಮುಖ್ಯ ಪ್ರಶ್ನೆ ಯಾರೂ ಕೇಳಲ್ಲ, ನಾನೇ ಕೇಳ್ತೀನಿ. ಪಂದಿಕರಿ ತಿನ್ಬಹುದಾ?

ವಾರ್ಡ್_ರೌಂಡ್ಸ್

ಕಾಯುತ್ತಿದ್ದೆ. ಹಂದಿಯಿಂದ ಬರುವ ಸ್ಟ್ರೆಪ್ಟೋಕಾಕಸ್ ಸುಯಿಸ್, ಯೆರ್ಸಿನಿಯಾ, ಎರಿಸಿಪೆಲೋಥ್ರಿಕ್ಸ್ ಎಲ್ಲ ನಿಜ. ಆದರೆ ಅವು ಹಸಿ ಮಾಂಸದಿಂದ, ಕತ್ತರಿಸುವಾಗ ಬೆರಳು ಕುಯ್ದುಕೊಂಡರೆ ಬರುವಂಥವು. ನಮ್ಮ ಪಂದಿಕರಿ ಬೇಯುವ ಹೊತ್ತಿಗೆ ಯಾವುದೂ ಉಳಿದಿರುವುದಿಲ್ಲ. (ಕಾಚಂಪುಳಿ ಹುಳಿರಸ ಹಾಕಿದೆ, ಬ್ಯಾಕ್ಟೀರಿಯಾ ಸಾಯುತ್ತೆ ಎಂದುಕೊಂಡು ಅರೆಬೆಂದದ್ದು ತಿನ್ನಬೇಡಿ.) ಹೊಟ್ಟೆಯಲ್ಲಿ ನೀರು ಇರುವವರಿಗೆ ನನ್ನ ತಕರಾರು ಉಪ್ಪಿನ ಮೇಲೆ. ದಿನಕ್ಕೆ ಎಲ್ಲ ಸೇರಿ ಒಂದು ಟೀ ಚಮಚ, ಐದು ಗ್ರಾಂ. ಉಪ್ಪು ಹಚ್ಚಿ ಒಲೆ ಮೇಲೆ ಒಣಗಿಸಿದ ಮಾಂಸ, ಉಪ್ಪಿನಕಾಯಿ, ಒಣಮೀನು, ಇವು ಒಂದೇ ಊಟಕ್ಕೆ ಆ ಲೆಕ್ಕ ಮುಗಿಸುತ್ತವೆ.

ಗ್ಯಾಸ್ ಮಾತ್ರೆಯನ್ನೂ ಕಾರಣವಿಲ್ಲದೆ ವರ್ಷಗಟ್ಟಲೆ ನುಂಗಬೇಡಿ. ಪ್ಯಾಂಟೊಪ್ರಜೋಲ್ ತರದ್ದು ತೆಗೆದುಕೊಳ್ಳುವ ಸಿರೋಸಿಸ್ ಪೇಷೆಂಟ್‌ಗಳಲ್ಲಿ ಈ ಇನ್ಫೆಕ್ಷನ್ ಹೆಚ್ಚು ಕಂಡುಬಂದಿದೆ. ಹೊಟ್ಟೆಯ ಆಮ್ಲವೂ ಒಂದು ಕಾವಲು.

ಹಸಿರುಮದ್ದು

ಅಮೃತಬಳ್ಳಿ ಕಷಾಯ ದಿನಾ ಬೆಳಿಗ್ಗೆ ಕೊಡಿ, ರಕ್ತ ಶುದ್ಧಿ ಆಗಿ ಲಿವರ್ ಚಿಗುರುತ್ತೆ. ನಮ್ಮ ಅಜ್ಜಿ 94 ವರ್ಷ ಬದುಕಿದ್ರು.

ವಾರ್ಡ್_ರೌಂಡ್ಸ್

ದಯವಿಟ್ಟು ಬೇಡ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದ್ದಾರೆ. ಅಜ್ಜಿಗೆ ಸಿರೋಸಿಸ್ ಇರಲಿಲ್ಲ ಅಂದುಕೊಳ್ಳುತ್ತೇನೆ.

ಕಾಫಿಕಣ

ಮೊದಲನೇ ದಿನ ಬರೆದಿದ್ದಕ್ಕೆ ಕ್ಷಮೆ ಇರಲಿ ಅಣ್ಣ. ನನ್ನ ಸ್ವಂತ ತಮ್ಮನ ಸಿಟ್ಟನ್ನ ನಿಮ್ಮ ಮೇಲೆ ತೀರಿಸ್ಕೊಂಡೆ. ಅವನು ಕುಡಿದೇ ಲಿವರ್ ಕಳ್ಕೊಂಡಿದ್ದು. ಎರಡು ತಿಂಗಳಿಂದ ಹೊಟ್ಟೆ ನೀರು ತುಂಬ್ತಿದೆ, ಸಣ್ಣ ಜ್ವರ ಬಿಡ್ತಿಲ್ಲ, ತೂಕ ಇಳೀತಿದೆ. ಕಲ್ಚರ್ ಎರಡು ಸಲ ಮಾಡಿಸಿದ್ರೂ ಏನೂ ಬರ್ಲಿಲ್ಲ. ನಾವು ‘ಕುಡಿದವನಿಗೆ ಇನ್ನೇನು’ ಅಂತ ಬಿಟ್ಟಿದ್ವಿ.

ವಾರ್ಡ್_ರೌಂಡ್ಸ್

ಬಿಡಬೇಡಿ. ವಾರಗಟ್ಟಲೆ ಸಣ್ಣ ಜ್ವರ, ತೂಕ ಇಳಿಯುವುದು, ಮಾಮೂಲಿ ಕಲ್ಚರಿನಲ್ಲಿ ಏನೂ ಬೆಳೆಯದಿರುವುದು, ಇದನ್ನು ಕೇಳಿದರೆ ನಮ್ಮ ದೇಶದಲ್ಲಿ ಮೊದಲು ನೆನಪಾಗಬೇಕಾದದ್ದು ಹೊಟ್ಟೆಯ ಟಿಬಿ. ನೀರಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ಹೆಚ್ಚಿದೆಯೇ, ಎಡಿಎ ಎಂಬ ಕಿಣ್ವ ಎಷ್ಟಿದೆ ಎಂದು ಕೇಳಿ. ಸಿರೋಸಿಸ್ ಜೊತೆಗಿದ್ದಾಗ ಎಡಿಎ ನಿರೀಕ್ಷೆಯಷ್ಟು ಏರದೇ ಇರಬಹುದು. ಸಂಖ್ಯೆ ಕಡಿಮೆ ಇದೆ ಎಂಬ ಒಂದೇ ಕಾರಣಕ್ಕೆ ಟಿಬಿ ಅಲ್ಲ ಎಂದು ಮುಗಿಸಬಾರದು. ಟಿಬಿ ಔಷಧಿಗಳಲ್ಲಿ ಮೂರು ಔಷಧಿಗಳು ಲಿವರ್‌ಗೆ ಭಾರ. ಯಾವುದನ್ನು ಕೊಡಬಹುದು, ಯಾವುದನ್ನು ಬಿಡಬೇಕು ಎಂದು ತೂಗಿ ನೋಡುವವರ ಹತ್ತಿರವೇ ತೋರಿಸಿ. ಈ ವಾರವೇ ಹೋಗಿ.

ಕಾಫಿಕಣ

ಸೋಮವಾರ ಕರ್ಕೊಂಡು ಹೋಗ್ತೀನಿ.

ಲ್ಯಾಬ್_ಮೂಲೆ

ಮರೆಯೋ ಮುಂಚೆ ಎರಡು ಮಾತು. ಹೊಟ್ಟೆ ನೀರಲ್ಲಿ ಎರಡು ಮೂರು ಜಾತಿ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದ್ರೆ, ಸಕ್ಕರೆ ಅಂಶ ಡೆಸಿಲೀಟರ್‌ಗೆ 50 ಮಿಲಿಗ್ರಾಂಗಿಂತ ಕೆಳಗಿದ್ರೆ, ಅದು ‘ತಾನಾಗಿ ಬಂದದ್ದು’ ಅಲ್ಲ, ಕರುಳು ತೂತಾಗಿರೋ ಸಂಶಯ, ಸರ್ಜನ್ ನೋಡ್ಬೇಕು. ಮತ್ತೆ ಸ್ಟ್ರೆಪ್ಟೋಕಾಕಸ್ ಗ್ಯಾಲೊಲಿಟಿಕಸ್ (ಹಳೇ ರಿಪೋರ್ಟುಗಳಲ್ಲಿ ಬೋವಿಸ್ ಅಂತ ಇರುತ್ತೆ) ಬಂದ್ರೆ ವಾಸಿಯಾದ ಮೇಲೆ ದೊಡ್ಡಕರುಳಿಗೆ ಕೊಲೊನೋಸ್ಕೋಪಿ ಮಾಡಿಸ್ಬೇಕು, ಅಲ್ಲಿ ಗಡ್ಡೆ ಅಡಗಿರಬಹುದು. ಇದು ರಿಪೋರ್ಟಿನ ಕೆಳಗೆ ಅಚ್ಚಾಗಿರಲ್ಲ.

ಕಿಗ್ಗಟ್ಟುನಾಡು_ಗದ್ದೆ

ಹೊಸ ಸುದ್ದಿ. ಮಾವ ಮನೆಗೆ ಬಂದ್ರು. ಮೆರೋಪೆನೆಮ್ ಹದಿನಾಲ್ಕು ದಿನ ಮುಗೀತು, ಈಗ ಕೋಟ್ರೈಮಾಕ್ಸಜೋಲ್ ಮಾತ್ರೆ ಮೂರು ತಿಂಗಳು ಅಂತ ಬರೆದಿದ್ದಾರೆ. ಜ್ವರ ಇಲ್ಲ, ಊಟ ಮಾಡ್ತಾರೆ, ಬೈತಾರೆ. ನಡುವೆ ಬಿಟ್ರೆ ಏನಾಗುತ್ತೆ? ಇಷ್ಟು ದೊಡ್ಡ ಮಾತ್ರೆ ನುಂಗೋಕೆ ಈಗ್ಲೇ ತಕರಾರು.

ವಾರ್ಡ್_ರೌಂಡ್ಸ್

ಬಿಟ್ಟರೆ ಮರುಕಳಿಸುತ್ತದೆ. ಲಿವರಿನಲ್ಲಿ, ಗುಲ್ಮದಲ್ಲಿ ಕೀವುಗಡ್ಡೆ ಮಾಡಿಕೊಂಡು ಕೂರುವ ಗುಣ ಅದಕ್ಕಿದೆ, ಆದ್ದರಿಂದ ಸ್ಕ್ಯಾನ್ ಆಗಿದೆಯೇ ನೋಡಿಕೊಳ್ಳಿ. ಅದಕ್ಕಿಂತ ತುರ್ತು ಒಂದಿದೆ. ಲ್ಯಾಸಿಲ್ಯಾಕ್ಟೋನ್‌ನಲ್ಲಿರುವ ಸ್ಪೈರೊನೊಲ್ಯಾಕ್ಟೋನ್ ರಕ್ತದ ಪೊಟ್ಯಾಸಿಯಂ ಏರಿಸುತ್ತದೆ. ಕೋಟ್ರೈಮಾಕ್ಸಜೋಲ್ ಕೂಡ ಏರಿಸುತ್ತದೆ. ಎರಡೂ ಸೇರಿ ಹೃದಯದ ಬಡಿತವನ್ನೇ ತಪ್ಪಿಸಬಲ್ಲವು. ಕೊನೆಯ ಪೊಟ್ಯಾಸಿಯಂ ಎಷ್ಟಿತ್ತು? ಎರಡನ್ನೂ ಒಟ್ಟಿಗೆ ಮುಂದುವರಿಸಲು ಹೇಳಿದ್ದಾರೆಯೇ?

ಕಿಗ್ಗಟ್ಟುನಾಡು_ಗದ್ದೆ

ಡಿಸ್ಚಾರ್ಜ್ ದಿನ 4.6 ಇತ್ತು. ಎರಡೂ ಬರೆದಿದ್ದಾರೆ, ‘ವಾರಕ್ಕೆ ರಕ್ತ ಪರೀಕ್ಷೆ’ ಅಂತಾನೂ ಇದೆ. ವಾರ ಆಗಿ ಎರಡು ದಿನ ಮೇಲಾಯ್ತು, ಮಳೆ ಅಂತ ಹೋಗಿರ್ಲಿಲ್ಲ. ಅದರ ಮೇಲೆ ಸುಸ್ತು ಅಂತ ಅತ್ತೆ ದಿನಾ ಎರಡು ಎಳನೀರು ಕೊಡ್ತಿದ್ದಾರೆ.

ವಾರ್ಡ್_ರೌಂಡ್ಸ್

ಎಳನೀರು ಈಗಲೇ ನಿಲ್ಲಿಸಿ, ಅದರಲ್ಲಿ ಪೊಟ್ಯಾಸಿಯಂ ತುಂಬಿದೆ. ಇವತ್ತೇ ರಕ್ತ ಕೊಡಿ, ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಕೂಡ. ರಿಪೋರ್ಟ್ ಬಂದ ಕೂಡಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಕಿಗ್ಗಟ್ಟುನಾಡು_ಗದ್ದೆ

ಗೋಣಿಕೊಪ್ಪಕ್ಕೆ ಹೋಗಿ ರಕ್ತ ಕೊಟ್ಟು ಬಂದ್ವಿ. ಪೊಟ್ಯಾಸಿಯಂ 5.7. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಇಸಿಜಿ ಮಾಡಿಸಿ ಕಳಿಸಿ ಅಂದ್ರು, ಅದು ಸರಿ ಇದೆಯಂತೆ. ಲ್ಯಾಸಿಲ್ಯಾಕ್ಟೋನ್ ನಿಲ್ಲಿಸಿ ಬೇರೆ ನೀರು ಮಾತ್ರೆ ಕೊಟ್ರು, ಕೋಟ್ರೈಮಾಕ್ಸಜೋಲ್ ಡೋಸ್ ಇಳಿಸಿದ್ರು. ನಾಡಿದ್ದು ಮತ್ತೆ ರಕ್ತ ಕೊಡ್ಬೇಕು. ಅತ್ತೆ ಎಳನೀರಿನ ಗೊನೆಯನ್ನ ಪಕ್ಕದ ಮನೆಗೆ ಕೊಟ್ಟುಬಿಟ್ರು.

ಮಾವ ಜಗಲಿಯಲ್ಲಿ ಕೂತು, ಬದು ಮತ್ತೆ ಒಡೆದಿದೆ, ಹೋಗಿ ನೋಡು ಅಂತ ನನ್ನನ್ನ ಕಳಿಸ್ತಿದ್ದಾರೆ. ಗಮ್ ಬೂಟು ಏಳನೇ ನಂಬರ್ ಮಾತ್ರ ಸಿಕ್ತು, ನಂಗೆ ಒಂಬತ್ತು ಬೇಕು. ವಿರಾಜಪೇಟೆಯಲ್ಲಿ ಎಲ್ಲಿ ಸಿಗುತ್ತೆ ಹೇಳ್ತೀರಾ ಯಾರಾದ್ರೂ?